ಆಲ್ಕೊಗಳನ್ನು ತೂಕಕ್ಕೆ ಮಾರಬೇಡಿ

ಹಳೇ ಡೀಸೆಲ್ ರೈಲು ಎಂಜಿನ್‌ಗಳ ವಿಷಯ ಬಂದರೆ ಈಗ ನಮ್ಮಲ್ಲಿ ಬಹುತೇಕ ಎಲ್ಲರದೂ ಒಂದೇ ರಾಗ. ಹಳಿಗಳ ಮೇಲೆ ವಿದ್ಯುತ್ ತಂತಿ ಬಂದಾಯಿತು, ಹೊಗೆ ಕಾರುವ ಮುದಿ ಎಂಜಿನ್‌ಗಳ ಕಾಲ ಮುಗಿಯಿತು, ಕಂಡಮ್ ಮಾಡಿ ಹರಾಜು ಹಾಕಿದರೆ ನಾಲ್ಕು ಕಾಸಾದರೂ ಬರುತ್ತದೆ, ನೆನಪಿಗೆ ಬೇಕೆಂದರೆ ಯಾವುದಾದರೂ ಕಚೇರಿಯ ಮುಂದೆ ಒಂದಕ್ಕೆ ಬಣ್ಣ ಬಳಿದು ನಿಲ್ಲಿಸಿದರೆ ಸಾಕು. ಅಧಿಕಾರಿಗಳು ಇದನ್ನೇ ಹೇಳುತ್ತಾರೆ, ಪತ್ರಿಕೆಗಳು ಇದನ್ನೇ ಬರೆಯುತ್ತವೆ, ಪರಿಸರದ ಕಾಳಜಿ ಇರುವವರೂ ಹೌದೆಂದು ತಲೆಯಾಡಿಸುತ್ತಾರೆ. ಯಾರಾದರೂ ತಕರಾರು ತೆಗೆದರೆ ‘ರೈಲು ಹುಚ್ಚಿನವರ ಭಾವುಕತೆ’ ಎಂದು ಬಾಯಿ ಮುಚ್ಚಿಸುತ್ತಾರೆ. ಈ ವಾದದಲ್ಲಿ ಅರ್ಧ ಸತ್ಯವಿದೆ. ಆ ಅರ್ಧ ಸತ್ಯದ ಮರೆಯಲ್ಲಿ, ಮತ್ತೆಂದೂ ತುಂಬಿಕೊಳ್ಳಲಾಗದ ನಷ್ಟವೊಂದು ನಮ್ಮ ಕಣ್ಣೆದುರೇ ನಡೆಯುತ್ತಿದೆ.

ಸತ್ಯವಾದ ಅರ್ಧವನ್ನು ಮೊದಲೇ ಒಪ್ಪಿಬಿಡುತ್ತೇನೆ. ವಿದ್ಯುದೀಕರಣ ಸರಿಯಾದ ನಿರ್ಧಾರ. ಬ್ರಾಡ್ ಗೇಜ್ ಜಾಲವನ್ನು ನೂರಕ್ಕೆ ನೂರು ವಿದ್ಯುದೀಕರಿಸಲು 2018ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಆ ಕೆಲಸ ಈಗ ಬಹುತೇಕ ಮುಗಿದಿದೆ. ಕೊಂಕಣ ರೈಲ್ವೆಯ 741 ಕಿಲೊಮೀಟರ್ ಪೂರ್ತಿ ವಿದ್ಯುದೀಕರಣಗೊಂಡು 2022ರ ಜೂನ್‌ನಲ್ಲಿ ಲೋಕಾರ್ಪಣೆಯಾಯಿತು. ಇದರಿಂದ ಆಮದು ತೈಲ ಉಳಿಯುತ್ತದೆ, ರೈಲು ಓಡಿಸುವ ಖರ್ಚು ಇಳಿಯುತ್ತದೆ, ಪ್ಲಾಟ್‌ಫಾರಂನಲ್ಲಿ ನಿಂತವರ ಮೂಗಿಗೆ ಹೊಗೆ ಬಡಿಯುವುದು ತಪ್ಪುತ್ತದೆ. ‘ವಿದ್ಯುತ್ತೂ ಕಲ್ಲಿದ್ದಲಿನಿಂದಲೇ ಬರುವುದಲ್ಲವೇ’ ಎಂಬ ಕೊಂಕು ನನ್ನದಲ್ಲ. ‘ಚಂಡಮಾರುತಕ್ಕೆ ತಂತಿ ಹರಿದು ಬಿದ್ದರೆ ಡೀಸೆಲ್ಲೇ ಗತಿ’ ಎಂಬ ನೆಪದ ಹಿಂದೆಯೂ ನಾನು ಅಡಗಿ ಕೂರುವುದಿಲ್ಲ. ಅಂಥ ತುರ್ತಿಗೆ ಬೇಕಾದಷ್ಟು ಹೊಸ ಡೀಸೆಲ್ ಲೋಕೊಗಳು ರೈಲ್ವೆಯ ಕೈಯಲ್ಲಿವೆ. ಹಳೆಯವು ದಿನನಿತ್ಯದ ದುಡಿಮೆಯಿಂದ ನಿವೃತ್ತಿಯಾಗಲಿ. ಆದರೆ ನಿವೃತ್ತಿಯಾದದ್ದೆಲ್ಲ ಗ್ಯಾಸ್ ಕಟರ್ ಬಾಯಿಗೇ ಹೋಗಬೇಕು ಎಂದು ಯಾವ ಶಾಸ್ತ್ರದಲ್ಲಿ ಬರೆದಿದೆ? ಸೇವೆಯಿಂದ ತೆಗೆಯುವ ನಿರ್ಧಾರಕ್ಕೂ ಕತ್ತರಿಸಿ ಹಾಕುವ ನಿರ್ಧಾರಕ್ಕೂ ನಡುವೆ ಒಂದು ವಿವೇಚನೆ ಇರಬೇಕಿತ್ತು. ಅದು ಇಲ್ಲದಿರುವುದೇ ನನ್ನ ಆಕ್ಷೇಪ.

ಕತ್ತರಿಸುತ್ತಿರುವುದು ಏನನ್ನು ಎಂಬುದನ್ನು ತಿಳಿದುಕೊಂಡು ಮಾತಾಡೋಣ. 1960ರ ದಶಕದ ಆರಂಭದಲ್ಲಿ ಭಾರತೀಯ ರೈಲ್ವೆ ಅಮೆರಿಕದ ಎರಡು ಕಂಪನಿಗಳಿಂದ 2,600 ಅಶ್ವಶಕ್ತಿಯ ಡೀಸೆಲ್ ಲೋಕೊಗಳನ್ನು ತರಿಸಿತು. ಒಂದು ಜನರಲ್ ಮೋಟಾರ್ಸ್, ಇನ್ನೊಂದು ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿದ್ದ ಅಮೆರಿಕನ್ ಲೋಕೊಮೋಟಿವ್ ಕಂಪನಿ, ಅಂದರೆ ಆಲ್ಕೊ. ತಂತ್ರಜ್ಞಾನವನ್ನು ನಮಗೆ ಕೊಡಲು ಒಪ್ಪಿದ್ದು ಆಲ್ಕೊ. ಹೀಗಾಗಿ 1961ರಲ್ಲಿ ವಾರಾಣಸಿಯಲ್ಲಿ ಸ್ಥಾಪನೆಯಾದ ಡೀಸೆಲ್ ಲೋಕೊ ಕಾರ್ಖಾನೆ ಕೈಗೆತ್ತಿಕೊಂಡದ್ದು ಆಲ್ಕೊ ವಿನ್ಯಾಸವನ್ನು. 1964ರ ಜನವರಿಯಲ್ಲಿ ಅಲ್ಲಿಂದ ಮೊದಲ ಡಬ್ಲ್ಯುಡಿಎಂ-2 ಹೊರಬಂತು. ಮುಂದಿನ ಮೂರು ದಶಕಗಳಲ್ಲಿ ಆ ಒಂದೇ ವರ್ಗದ ಲೋಕೊಗಳ ಸಂಖ್ಯೆ ಎರಡೂವರೆ ಸಾವಿರವನ್ನು ದಾಟಿತು. ದೇಶದ ಆಹಾರಧಾನ್ಯ, ಕಲ್ಲಿದ್ದಲು, ಸಿಮೆಂಟು, ಗೊಬ್ಬರ ಎಲ್ಲವನ್ನೂ ಎಳೆದದ್ದು ಇವೇ. ಒಂದರ ಬೆನ್ನಿಗೆ ಒಂದರಂತೆ ಎರಡನ್ನು ಕಟ್ಟಿಕೊಂಡು ಕೆ.ಕೆ. ಎಕ್ಸ್‌ಪ್ರೆಸ್‌ನಂಥ ಉದ್ದನೆಯ ರೈಲುಗಳು ದಕ್ಷಿಣದಿಂದ ದೆಹಲಿಗೆ ಓಡಿದವು.

‘ಅಮೆರಿಕದ ವಿನ್ಯಾಸ ತಾನೇ, ಅದು ನಮ್ಮ ಪರಂಪರೆ ಹೇಗಾಯಿತು’ ಎಂದು ಕೇಳುವವರಿದ್ದಾರೆ. ಅವರು ಒಂದು ಇಸವಿಯನ್ನು ನೆನಪಿಟ್ಟುಕೊಳ್ಳಲಿ. 1969ರಲ್ಲಿ ಆಲ್ಕೊ ಕಂಪನಿಯೇ ಬಾಗಿಲು ಮುಚ್ಚಿತು. ವಿನ್ಯಾಸ ಕೊಟ್ಟವರೇ ಕಣ್ಮರೆಯಾದ ಮೇಲೂ ವಾರಾಣಸಿಯಲ್ಲಿ ಕೆಲಸ ನಿಲ್ಲಲಿಲ್ಲ. 2,600 ಅಶ್ವಶಕ್ತಿಯ ಲೋಕೊವನ್ನು ನಮ್ಮ ಎಂಜಿನಿಯರುಗಳು 3,100ಕ್ಕೆ ಏರಿಸಿದರು, ಆಮೇಲೆ 3,300ಕ್ಕೆ. ಪಟಿಯಾಲದ ಕಾರ್ಖಾನೆಯಲ್ಲಿ ಹಳೇ ಡಬ್ಲ್ಯುಡಿಎಂ-2ಗಳನ್ನು ಬಿಚ್ಚಿ, ಹೊಸ ಸಾಮರ್ಥ್ಯ ತುಂಬಿ ಮತ್ತೆ ಹಳಿಗೆ ಬಿಟ್ಟರು. ಶ್ರೀಲಂಕಾ, ಬಾಂಗ್ಲಾದೇಶಗಳಿಗೆ ಲೋಕೊಗಳನ್ನು ಮಾಡಿ ಕಳಿಸಿದರು. ತವರಿನಲ್ಲಿ ಸತ್ತುಹೋದ ವಿನ್ಯಾಸವೊಂದು ಇಲ್ಲಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬೆಳೆಯಿತು. ವಿನ್ಯಾಸ ಕೊಟ್ಟವರೇ ಮುಂದುವರಿಸಲಾಗದ ವಿದ್ಯೆಯನ್ನು ನಾವು ಮುಂದುವರಿಸಿದೆವು. ಇದು ನಮ್ಮ ಪರಂಪರೆ ಅಲ್ಲದಿದ್ದರೆ ಸ್ವತಂತ್ರ ಭಾರತದ ಯಾವ ಕಾರ್ಖಾನೆಯ ಯಾವ ಕೆಲಸವೂ ನಮ್ಮದಲ್ಲ.

ಕರ್ನಾಟಕದ ಮಟ್ಟಿಗಂತೂ ಇದು ನಮ್ಮ ನಿನ್ನೆ ಮೊನ್ನೆಯ ಬದುಕು. ನಮ್ಮದು ಬಹುಪಾಲು ಮೀಟರ್ ಗೇಜ್ ನಾಡಾಗಿತ್ತು. ಹಾಸನ, ಅರಸೀಕೆರೆ, ಬೀರೂರು, ಹರಿಹರ, ಹುಬ್ಬಳ್ಳಿ ಕಡೆಯ ರೈಲುಗಳನ್ನು ಉಗಿ ಎಂಜಿನ್‌ಗಳ ನಂತರ ಎಳೆದದ್ದು ಆಲ್ಕೊ ಕುಲದ್ದೇ ಆದ ಪುಟ್ಟ ವೈಡಿಎಂ-4. 57 ಸುರಂಗಗಳ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟವನ್ನು ಐವತ್ತಕ್ಕೆ ಒಂದರ ಏರಿನಲ್ಲಿ ಹತ್ತಿದ್ದೂ ಅದೇ. 1992ರಲ್ಲಿ, ನಮ್ಮವರೇ ಆದ ಸಿ.ಕೆ. ಜಾಫರ್ ಷರೀಫ್ ರೈಲ್ವೆ ಸಚಿವರಾಗಿದ್ದಾಗ ಏಕರೂಪ ಗೇಜ್ ಯೋಜನೆ ಬಂದು ಆ ಹಳಿಗಳು ಅಗಲವಾದವು. ಅದು ಆಗಬೇಕಾದ ಕೆಲಸವೇ. ಬ್ರಾಡ್ ಗೇಜ್ ಆಲ್ಕೊಗಳಿಗೆ ಬೆಂಗಳೂರಿನ ಕೃಷ್ಣರಾಜಪುರದ ಶೆಡ್ ಮನೆಯಾಗಿತ್ತು. 1999ರಲ್ಲಿ ಜನರಲ್ ಮೋಟಾರ್ಸ್‌ನ ಹೊಸ ಪೀಳಿಗೆಯ ಡೀಸೆಲ್‌ಗಳು ದೇಶಕ್ಕೆ ಬಂದಾಗ ಮೊದಲು ಇಳಿದದ್ದು ಹುಬ್ಬಳ್ಳಿ ಶೆಡ್ಡಿನಲ್ಲಿ. ಇಂದು ಕೃಷ್ಣರಾಜಪುರದ ಶೆಡ್ಡಿನಲ್ಲೂ ವಿದ್ಯುತ್ ಲೋಕೊಗಳು ಸಾಲುಗಟ್ಟಿ ನಿಂತಿವೆ. ಡೀಸೆಲ್ ಯುಗದ ಮೊದಲಿನಿಂದ ಕೊನೆಯವರೆಗೂ ಈ ನೆಲದಲ್ಲಿ ನಡೆದ ಕಥೆ ಇದು. ಅದನ್ನು ಹೇಳಲು ಓಡುವ ಒಂದು ಲೋಕೊವಾದರೂ ಬೇಕು ಎಂದರೆ ಅದು ಅತಿಯಾಸೆಯೇ?

ಈಗ ಮಾಲಿನ್ಯದ ಮಾತು. ಆಲ್ಕೊ ಹೊಗೆ ಬಿಡುತ್ತದೆ, ನಿಜ. ಗಾಳಿ ತುಂಬುವ ಟರ್ಬೊ ವೇಗ ಹಿಡಿಯುವ ಮೊದಲೇ ಸಿಲಿಂಡರಿಗೆ ಡೀಸೆಲ್ ನುಗ್ಗುವುದರಿಂದ, ಹೊರಡುವಾಗ ಆ ಕಪ್ಪು ಮೋಡ ಏಳುತ್ತದೆ. ನಿಂತಾಗಲೂ ಗಂಟೆಗಟ್ಟಲೆ ಎಂಜಿನ್ ಆರಿಸದೆ ಬಿಡುವ ರೂಢಿಯಿಂದ ಇಂಧನ ಪೋಲಾಗುತ್ತಿತ್ತು. ಸಾವಿರಾರು ಲೋಕೊಗಳು ದಿನದ ಇಪ್ಪತ್ತನಾಲ್ಕು ಗಂಟೆ ದುಡಿಯುತ್ತಿದ್ದಾಗ ಇದು ದೊಡ್ಡ ವಿಷಯವೇ ಆಗಿತ್ತು. ಆದರೆ ನಾನು ಕೇಳುತ್ತಿರುವುದು ವರ್ಷಕ್ಕೆ ಕೆಲವೇ ದಿನ ಓಡುವ ಕೆಲವೇ ಲೋಕೊಗಳನ್ನು, ಹೆಚ್ಚೆಂದರೆ ಇಪ್ಪತ್ತನ್ನು. ಅವುಗಳ ಹೊಗೆಯಿಂದ ಗಾಳಿ ಕೆಡುತ್ತದೆ ಎಂದು ಯಾರೂ ಗಂಭೀರವಾಗಿ ಹೇಳಲಾರರು. ಇದೇ ರೈಲ್ವೆ, ಪರಂಪರೆಯ ಹೆಸರಿನಲ್ಲಿ ಕಲ್ಲಿದ್ದಲು ಉರಿಸಿ ಉಗಿ ಎಂಜಿನ್ ಓಡಿಸುತ್ತದೆ, ಅದರ ಚಿತ್ರ ಹಾಕಿ ಪ್ರವಾಸಿಗರನ್ನು ಕರೆಯುತ್ತದೆ. ಅದು ಸರಿಯೇ. ಹಾಗಾದರೆ ಉಗಿಯ ಹೊಗೆ ಸೊಬಗು, ಡೀಸೆಲ್ ಹೊಗೆ ಪಾಪ ಎಂಬ ಪಂಕ್ತಿಭೇದ ಏಕೆ?

ಇನ್ನೂ ಒಂದು ಮಾತಿದೆ. ‘ಡೀಸೆಲ್ ಯುಗ ಮುಗಿಯಿತು’ ಎಂದು ಸಾರುತ್ತಿರುವ ರೈಲ್ವೆಯೇ 2015ರಲ್ಲಿ ಬಿಹಾರದ ಮರ್ಹೌರಾದಲ್ಲಿ ತಯಾರಾಗುವ 1,000 ಹೊಸ ಡೀಸೆಲ್ ಲೋಕೊಗಳನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಹೊಸದಾಗಿ ಸಾವಿರ ಡೀಸೆಲ್ ಕೊಳ್ಳುವುದಕ್ಕೆ ಅಡ್ಡಬಾರದ ಪರಿಸರದ ಕಾಳಜಿ, ಹಳೆಯ ಇಪ್ಪತ್ತನ್ನು ಉಳಿಸಿ ಎಂದಾಗ ಮಾತ್ರ ಎದ್ದು ನಿಲ್ಲುವುದು ನ್ಯಾಯವಲ್ಲ.

ದುಡ್ಡಿನ ವಾದಕ್ಕೆ ಬರುತ್ತೇನೆ. ಗುಜರಿ ಮಾರಾಟದಿಂದ ರೈಲ್ವೆಗೆ 2020–21ರಲ್ಲಿ ಬಂದದ್ದು 4,573 ಕೋಟಿ ರೂಪಾಯಿ. ಹಳೇ ಹಳಿ, ಬೋಗಿ, ವ್ಯಾಗನ್, ಲೋಕೊ ಎಲ್ಲ ಸೇರಿದ ಮೊತ್ತ ಅದು. ಒಂದು ಡಬ್ಲ್ಯುಡಿಎಂ-2ರ ತೂಕ ಸುಮಾರು 112 ಟನ್. ಇಪ್ಪತ್ತು ಲೋಕೊಗಳಿಗೆ 2,240 ಟನ್ ಆಯಿತು. ಕಿಲೊಗೆ 50 ರೂಪಾಯಿ ಎಂದು ಧಾರಾಳವಾಗಿಯೇ ಹಿಡಿಯಿರಿ, 11 ಕೋಟಿ ಚಿಲ್ಲರೆ. ಮೋಟಾರುಗಳಲ್ಲಿನ ತಾಮ್ರಕ್ಕೆ ಹೆಚ್ಚು ಬೆಲೆ ಎಂದು ಅದನ್ನು ದುಪ್ಪಟ್ಟು ಮಾಡಿ, 22 ಕೋಟಿ. ಒಂದೇ ವರ್ಷದ ಗುಜರಿ ಆದಾಯದ ನೂರರಲ್ಲಿ ಅರ್ಧ ಪಾಲೂ ಆಗಲಿಲ್ಲ. ಅದೂ ಒಂದೇ ಸಲಕ್ಕೆ ಬಂದು ಮುಗಿದುಹೋಗುವ ಹಣ. ಇಷ್ಟು ದೊಡ್ಡ ಸಂಸ್ಥೆಗೆ ತನ್ನ ಇತಿಹಾಸವನ್ನು ಇಟ್ಟುಕೊಳ್ಳಲು ಇಷ್ಟೂ ತಾಕತ್ತಿಲ್ಲ ಎಂದರೆ ನಾನು ನಂಬುವುದಿಲ್ಲ. ತಾಕತ್ತು ಬೇಕಾದಷ್ಟಿದೆ, ಮನಸ್ಸಿಲ್ಲ.

ಈ ಲೋಕೊಗಳಲ್ಲಿ ಏನೂ ಉಳಿದಿಲ್ಲ ಎಂಬುದಕ್ಕೂ ರೈಲ್ವೆಯೇ ಉತ್ತರ ಕೊಟ್ಟಿದೆ. 2019ರ ಫೆಬ್ರುವರಿಯಲ್ಲಿ ವಾರಾಣಸಿಯಲ್ಲಿ, ಹಳೇ ಆಲ್ಕೊ ಡೀಸೆಲ್ ಲೋಕೊಗಳನ್ನು ವಿದ್ಯುತ್ ಲೋಕೊಗಳಾಗಿ ಮಾರ್ಪಡಿಸಿದ್ದನ್ನು ಪ್ರಧಾನಿಯವರೇ ಹಸಿರು ನಿಶಾನೆ ತೋರಿಸಿ ಮೆರೆಸಿದರು. 2020ರ ಜುಲೈನಲ್ಲಿ 10, 2023ರ ಮೇ ತಿಂಗಳಲ್ಲಿ 20 ಡೀಸೆಲ್ ಲೋಕೊಗಳನ್ನು ನಮ್ಮ ಶೆಡ್‌ಗಳಿಂದಲೇ ಬಾಂಗ್ಲಾದೇಶಕ್ಕೆ ಕೊಟ್ಟೆವು. ಹೊಸ ಹೊಟ್ಟೆ ತುಂಬಿದರೆ ಓಡುತ್ತದೆ, ನೆರೆಯವರಿಗೆ ಕೊಟ್ಟರೆ ಓಡುತ್ತದೆ, ನಮ್ಮಲ್ಲಿ ಉಳಿಸಿಕೊಳ್ಳಿ ಎಂದಾಗ ಮಾತ್ರ ಅದು ಕೆಲಸಕ್ಕೆ ಬಾರದ ಕಬ್ಬಿಣ!

‘ಮ್ಯೂಸಿಯಂನಲ್ಲಿ ಇಟ್ಟಿದ್ದೇವಲ್ಲ’ ಎಂಬುದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಸಮಾಧಾನ. ದೆಹಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯವಾಗಲಿ, 1979ರಲ್ಲಿ ಶುರುವಾದ ನಮ್ಮ ಮೈಸೂರಿನದಾಗಲಿ, ತಮ್ಮ ಮಟ್ಟಿಗೆ ಒಳ್ಳೆಯ ಕೆಲಸ ಮಾಡುತ್ತಿವೆ. ಆದರೆ ದೇಶದ ತುಂಬ ಕಚೇರಿಗಳ ಮುಂದೆ ಕಟ್ಟೆಯ ಮೇಲೆ ಕೂರಿಸಿರುವ ಲೋಕೊಗಳನ್ನು ಹತ್ತಿರ ಹೋಗಿ ನೋಡಿ. ಬಹುಮಟ್ಟಿಗೆ ಒಳಗೆ ಏನೂ ಇರುವುದಿಲ್ಲ. ಬಳಸಬಹುದಾದ ಬಿಡಿಭಾಗಗಳನ್ನೆಲ್ಲ ಮೊದಲೇ ತೆಗೆದಿರುತ್ತಾರೆ. ಬಾಗಿಲ ಸಂದಿಯಿಂದ ಮಳೆನೀರು ಇಳಿದು ನೆಲದ ತಗಡು ತೂತಾಗಿರುತ್ತದೆ. ಅದರ ಮೇಲೆ ವರ್ಷಕ್ಕೊಮ್ಮೆ, ಯಾರಾದರೂ ದೊಡ್ಡವರು ಬರುವ ಮುನ್ನ, ತುಕ್ಕನ್ನು ಕೆರೆಯದೆಯೇ ಬಣ್ಣ ಬಳಿಯುತ್ತಾರೆ. ಚಲಿಸುವುದಕ್ಕೆಂದೇ ಹುಟ್ಟಿದ ಯಂತ್ರದ ಸಿಪ್ಪೆಯನ್ನು ನಿಲ್ಲಿಸಿ, ಇದೇ ಸಂರಕ್ಷಣೆ ಎಂದು ನಂಬಿಸುವುದು ಮುಂದಿನ ತಲೆಮಾರಿಗೆ ಮಾಡುವ ಮೋಸ.

ಏಕೆಂದರೆ ಆಲ್ಕೊ ಅಂದರೆ ಅದರ ಹೊರಗಿನ ತಗಡಲ್ಲ. ವಿ ಆಕಾರದಲ್ಲಿ ಎದುರುಬದುರು ಎಂಟೆಂಟು ಸಿಲಿಂಡರ್ ಜೋಡಿಸಿದ ಆ 251 ಮಾದರಿಯ ಎಂಜಿನ್ನು, ಅದನ್ನು ಬಲ್ಲ ಮನುಷ್ಯರು, ಇವೆರಡೂ ಸೇರಿ ಆಲ್ಕೊ. ಶೆಡ್ಡಿನಲ್ಲಿ ಒಂದು ಪರೀಕ್ಷೆ ನಡೆಯುತ್ತಿತ್ತು. ಎಂಜಿನ್ ಆರಿಸಿದ ಕೂಡಲೇ ಫಿಟ್ಟರ್ ಟರ್ಬೊದ ಬಳಿ ಕಿವಿಗೊಟ್ಟು ನಿಲ್ಲುತ್ತಾನೆ. ಕೈಯಲ್ಲಿ ಗಡಿಯಾರ. ಸಿಲಿಂಡರುಗಳು ನಿಂತ ಮೇಲೂ ಟರ್ಬೊ ಸಣ್ಣಗೆ ಶಿಳ್ಳೆ ಹಾಕುತ್ತ ತಿರುಗುತ್ತಲೇ ಇರುತ್ತದೆ. ಆ ಸದ್ದು ಪೂರ್ತಿ ಅಡಗಲು ಎಷ್ಟು ಹೊತ್ತು ಹಿಡಿಯಿತು ಎಂದು ಅವನು ಎಣಿಸುತ್ತಾನೆ. ಬೇಗ ನಿಂತುಬಿಟ್ಟರೆ ಬೇರಿಂಗ್ ಹಿಡಿಯುತ್ತಿದೆ ಎಂದು ಅರ್ಥ, ಲೋಕೊ ಅಂದು ಹೊರಗೆ ಹೋಗುವ ಹಾಗಿಲ್ಲ. ನಿಲ್ಲುವ ಕೊನೆಯಲ್ಲಿ ಉಜ್ಜಿದಂಥ ದನಿ ಬಂದರೆ ಇನ್ನೊಂದು ಅರ್ಥ. ಎಷ್ಟು ಸೆಕೆಂಡು ಎಂಬುದು ಪುಸ್ತಕದಲ್ಲಿದೆ. ಆ ದನಿಯಲ್ಲಿನ ವ್ಯತ್ಯಾಸ ಪುಸ್ತಕದಲ್ಲಿಲ್ಲ. ಅದು ಹಳಬರ ಪಕ್ಕದಲ್ಲಿ ವರ್ಷಗಟ್ಟಲೆ ನಿಂತ ಹೊಸಬರ ಕಿವಿಗೆ ದಾಟಬೇಕು. ಯಾವ ಸಿಲಿಂಡರ್ ಸರಿಯಾಗಿ ಹೊಡೆಯುತ್ತಿಲ್ಲ ಎಂದು ಸದ್ದಿನಲ್ಲೇ ಹಿಡಿಯುವುದು, ಹೊಗೆಯ ಬಣ್ಣ ನೋಡಿ ಇಂಜೆಕ್ಟರ್ ತೊಂದರೆಯೋ ಲೂಬ್ ಆಯಿಲ್ ಉರಿಯುತ್ತಿದೆಯೋ ಹೇಳುವುದು, ಘಟ್ಟದಲ್ಲಿ ಗಾಲಿ ಜಾರುವ ಮೊದಲೇ ಅಂದಾಜು ಮಾಡಿ ನಾಚ್ ಇಳಿಸಿ ಎಂಜಿನ್ನಿನ ಬಲ ತಗ್ಗಿಸುವುದು, ಇವೆಲ್ಲ ಇದೇ ಜಾತಿಯ ವಿದ್ಯೆಗಳು.

ಈ ವಿದ್ಯೆ ಬಲ್ಲವರು ಈಗ ವಿದ್ಯುತ್ ಲೋಕೊಗಳ ಕೆಲಸಕ್ಕೆ ಬದಲಾಗಿದ್ದಾರೆ, ಇಲ್ಲವೇ ವರ್ಷವರ್ಷವೂ ನಿವೃತ್ತರಾಗುತ್ತಿದ್ದಾರೆ. ಅವರು ಮುಟ್ಟಿ ತೋರಿಸಲು ಓಡುವ ಲೋಕೊ ಇಲ್ಲದಿದ್ದರೆ ಅವರ ಕೈಚಳಕ ಅವರೊಂದಿಗೇ ಹೋಗುತ್ತದೆ. ನಾವು ಗಿರವಿ ಇಟ್ಟಿದ್ದನ್ನು ಬಿಡಿಸಿಕೊಳ್ಳುವ ಹಾಗೆ ಅದನ್ನು ಮುಂದೊಂದು ದಿನ ಬಿಡಿಸಿಕೊಳ್ಳಲು ಆಗುವುದಿಲ್ಲ.

ಇದು ಊಹೆಯ ಭಯವಲ್ಲ, ಉಗಿ ಎಂಜಿನ್‌ಗಳ ವಿಷಯದಲ್ಲಿ ಆಗಿಹೋದದ್ದೇ. 1960ರ ದಶಕದ ಆರಂಭದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಉಗಿ ಎಂಜಿನ್‌ಗಳಿದ್ದ ದೇಶ ಇದು. 1995ರಲ್ಲಿ ಬ್ರಾಡ್ ಗೇಜ್ ಉಗಿ ಕೊನೆಗೊಂಡಿತು. ಆಗಲೂ ಇದೇ ಮಾತು: ಹೊಗೆ, ಖರ್ಚು, ಹಳೇ ಕಾಲ. ಸಾವಿರಾರನ್ನು ಕತ್ತರಿಸಿ ಹಾಕಿದ ಮೇಲೆ ಅರಿವು ಮೂಡಿತು. ಹರಿಯಾಣದ ರೇವಾಡಿಯ 1893ರ ಹಳೇ ಉಗಿ ಶೆಡ್ಡನ್ನು ಮತ್ತೆ ಎಬ್ಬಿಸಿ, ಉಳಿದಿದ್ದ ಕೆಲವನ್ನು ಓಡುವಂತೆ ಮಾಡಲಾಯಿತು. ನೀಲಗಿರಿಯ ಬೆಟ್ಟದ ರೈಲಿನ ವಿಷಯದಲ್ಲಿ ಆದದ್ದು ಇನ್ನೂ ದೊಡ್ಡ ಪಾಠ. 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಆ ರೈಲಿಗೆ ಹಳೇ ಉಗಿ ಎಂಜಿನ್‌ಗಳು ಸಾಲದೆ, ತಿರುಚಿನಾಪಳ್ಳಿಯ ಪೊನ್ಮಲೈ ಕಾರ್ಖಾನೆಯಲ್ಲಿ ಈ ಶತಮಾನದಲ್ಲಿ ಹೊಸದಾಗಿ ಉಗಿ ಎಂಜಿನ್‌ಗಳನ್ನು ಕಟ್ಟಬೇಕಾಯಿತು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ದು ಅಂದರೆ ಇದೇ. ಅದೇ ನೀಲಗಿರಿ ಮಾರ್ಗದಲ್ಲಿ ಕೂನೂರಿನಿಂದ ಊಟಿಗೆ ರೈಲು ಎಳೆಯುತ್ತ ಬಂದಿರುವುದು ವೈಡಿಎಂ-4 ಡೀಸೆಲ್ಲು. ಅದರ ಒಡಹುಟ್ಟಿದವನ್ನೆಲ್ಲ ಕತ್ತರಿಸಿ ಮುಗಿಸಿದರೆ ನಾಳೆ ಅದಕ್ಕೆ ಬಿಡಿಭಾಗ ಎಲ್ಲಿಂದ ಬರಬೇಕು? ಅದನ್ನೂ ಹೊಸದಾಗಿ ಎರಕ ಹೊಯ್ಯುತ್ತೀರಾ?

‘ಉಗಿಗೆ ಜನ ಬರುತ್ತಾರೆ, ಡೀಸೆಲ್ ನೋಡಲು ಯಾರು ಬರುತ್ತಾರೆ’ ಎಂದು ಕೇಳುವವರು ಬ್ರಿಟನ್ ಕಡೆ ಕಣ್ಣು ಹಾಯಿಸಲಿ. ಅಲ್ಲಿ ಡೆಲ್ಟಿಕ್ ಎಂಬ ಡೀಸೆಲ್ ಲೋಕೊಗಳನ್ನು ಮಾಡಿದ್ದು ಒಟ್ಟು 22. 1982ರ ಜನವರಿಯ ಹೊತ್ತಿಗೆ ಅವೆಲ್ಲ ಸೇವೆಯಿಂದ ಹೊರಗೆ. ಆದರೆ ಆರು ಉಳಿದವು. ಒಂದು ರಾಷ್ಟ್ರೀಯ ಸಂಗ್ರಹಕ್ಕೆ ಹೋಯಿತು, ಉಳಿದವನ್ನು ಅಭಿಮಾನಿಗಳು ಚಂದಾ ಎತ್ತಿ, ತಮ್ಮ ರಜೆಗಳಲ್ಲಿ ಗ್ರೀಸು ಮೆತ್ತಿಕೊಂಡು ಉಳಿಸಿಕೊಂಡರು. ಅವುಗಳಲ್ಲಿ ಕೆಲವು ಆಮೇಲೆ ಮುಖ್ಯ ಮಾರ್ಗದಲ್ಲೇ ಮತ್ತೆ ಓಡಿದವು, ಟಿಕೆಟ್ ಕೊಂಡು ಹತ್ತುವವರು ಬಂದರು. ಅಲ್ಲಿನದೇ ವೆಸ್ಟರ್ನ್ ಎಂಬ ಡೀಸೆಲ್ ವರ್ಗದ 74ರಲ್ಲಿ ಏಳು ಉಳಿದಿವೆ. ಆಲ್ಕೊದ ತವರಾದ ಅಮೆರಿಕದಲ್ಲಿ ಪೆನ್ಸಿಲ್ವೇನಿಯದ ಡೆಲವೇರ್–ಲಾಕವಾನಾ ಎಂಬ ಸಣ್ಣ ರೈಲು ಕಂಪನಿ ಹಳೇ ಆಲ್ಕೊಗಳಿಂದಲೇ ಸರಕು ಎಳೆದು ಲಾಭ ಮಾಡಿಕೊಳ್ಳುತ್ತಿದೆ. ನಮ್ಮಲ್ಲೂ ಅಭಿಮಾನಿಗಳಿಗೆ ಬರವಿಲ್ಲ. ಘಟ್ಟದಲ್ಲಿ ಜಿಗಣೆ ಕಚ್ಚಿಸಿಕೊಂಡು ಒಂದು ಲೋಕೊದ ಚಿತ್ರಕ್ಕಾಗಿ ದಿನವಿಡೀ ಕಾಯುವ ಹುಡುಗರನ್ನು ನಾನು ಕಂಡಿದ್ದೇನೆ. ಬರವಿರುವುದು ಅವರ ಪ್ರೀತಿಯನ್ನು ಕೆಲಸಕ್ಕೆ ಹಚ್ಚುವ ವ್ಯವಸ್ಥೆಗೆ.

ಕಾನೂನಾದರೂ ಕಾಪಾಡೀತೇ ಎಂದರೆ ಅದೂ ಇಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ವಸ್ತುವೊಂದಕ್ಕೆ ನೂರು ವರ್ಷ ತುಂಬಿರಬೇಕು. 1962ರಲ್ಲಿ ಬಂದಿಳಿದ ಲೋಕೊಗೆ ಆ ರಕ್ಷಣೆ ಸಿಗುವುದು 2062ಕ್ಕೆ. ಡೀಸೆಲ್ ಲೋಕೊಗೆ ಸಾಮಾನ್ಯವಾಗಿ ಲೆಕ್ಕ ಹಾಕುವ ಆಯಸ್ಸು 36 ವರ್ಷ. ಆ ಮೂವತ್ತಾರಕ್ಕೂ ಕಾಯ್ದೆಯ ನೂರಕ್ಕೂ ನಡುವಿನ ಅರವತ್ತನಾಲ್ಕು ವರ್ಷ ಯಂತ್ರವೊಂದು ಸಂಪೂರ್ಣ ಅನಾಥ. ಶಾಸನಕ್ಕೆ, ತಾಮ್ರಪಟಕ್ಕೆ ಹೊಂದುವ ಅಳತೆಯನ್ನು ಕೈಗಾರಿಕೆಯ ಯಂತ್ರಗಳಿಗೂ ಹಿಡಿದರೆ ಆಗುವುದು ಇದೇ: ಪರಂಪರೆ ಎನಿಸಿಕೊಳ್ಳುವಷ್ಟು ವಯಸ್ಸಾಗಲು ನಾವು ಅವುಗಳನ್ನು ಬಿಡುವುದೇ ಇಲ್ಲ.

ಹಾಗಾಗಿ ರೈಲ್ವೆ ಮಂಡಳಿಯನ್ನು ನಾನು ಕೇಳುವುದು ಇಷ್ಟು. ಡಬ್ಲ್ಯುಡಿಎಂ-2ರಿಂದ ಹಿಡಿದು ಆಲ್ಕೊ ಕುಲದ ಪ್ರತಿ ಮುಖ್ಯ ವರ್ಗದಲ್ಲೂ ಕನಿಷ್ಠ ಎರಡು ಲೋಕೊಗಳನ್ನು ಓಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳಿ. ಎಲ್ಲ ಸೇರಿದರೂ ಇಪ್ಪತ್ತನ್ನು ದಾಟುವುದಿಲ್ಲ. ಉಗಿಗೆ ರೇವಾಡಿ ಇರುವಂತೆ ಡೀಸೆಲ್‌ಗೆ ಒಂದು ಶೆಡ್ಡನ್ನು ಮೀಸಲಿಡಿ. ಅದಕ್ಕೆ ಹುಬ್ಬಳ್ಳಿಗಿಂತಲೋ ಕೃಷ್ಣರಾಜಪುರಕ್ಕಿಂತಲೋ ಯೋಗ್ಯ ಜಾಗ ಇದ್ದರೆ ಹೇಳಿ. ಕಂಡಮ್ ಆದ ಲೋಕೊಗಳಿಂದ ಕ್ರ್ಯಾಂಕ್‌ಶಾಫ್ಟ್, ಟರ್ಬೊ, ಗವರ್ನರ್, ಟ್ರ್ಯಾಕ್ಷನ್ ಮೋಟಾರುಗಳನ್ನು ತೆಗೆದು ಆ ಶೆಡ್ಡಿನ ಉಗ್ರಾಣ ತುಂಬಿಸಿ, ಮಿಕ್ಕಿದ್ದನ್ನು ಮಾತ್ರ ಹರಾಜಿಗೆ ಹಾಕಿ. ವಾರಾಣಸಿ, ಪಟಿಯಾಲಗಳ ನಕ್ಷೆಗಳನ್ನು ಒಂದೆಡೆ ಸೇರಿಸಿ. ನಿವೃತ್ತ ಫಿಟ್ಟರುಗಳನ್ನು, ಲೋಕೊ ಪೈಲಟ್‌ಗಳನ್ನು ಗೌರವಧನ ಕೊಟ್ಟು ಕರೆಸಿ, ಐಟಿಐ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರ ಕೈಗೆ ಅವರ ವಿದ್ಯೆ ದಾಟಿಸಿ. ಅಭಿಮಾನಿ ಸಂಘಗಳು ದುಡ್ಡು, ದುಡಿಮೆ ಎರಡನ್ನೂ ಹಾಕಲು ಅವಕಾಶವಾಗುವ ನಿಯಮ ಮಾಡಿ. ವರ್ಷಕ್ಕೆ ಕೆಲವು ಬಾರಿ ಘಟ್ಟದಲ್ಲಿ ಟಿಕೆಟ್ ಇಟ್ಟು ಓಡಿಸಿ.

ಕರ್ನಾಟಕ ಸರ್ಕಾರ, ನಮ್ಮ ಸಂಸದರು, ನಮ್ಮ ವಿಶ್ವವಿದ್ಯಾಲಯಗಳು ಇದು ಕೇಂದ್ರದ ವಿಷಯ ಎಂದು ಕೈತೊಳೆದುಕೊಳ್ಳುವಂತಿಲ್ಲ. ಈ ಲೋಕೊಗಳು ಎಳೆದದ್ದು ನಮ್ಮ ಅಡಿಕೆಯನ್ನು, ನಮ್ಮ ಅದಿರನ್ನು, ಕೆಲಸ ಹುಡುಕಿ ಊರು ಬಿಟ್ಟ ನಮ್ಮ ಜನರನ್ನು. ಮುಂದಿನ ಹರಾಜಿನ ಪಟ್ಟಿ ಹೊರಬೀಳುವ ಮೊದಲು ಉಳಿಸಿಕೊಳ್ಳುವ ಲೋಕೊಗಳ ಪಟ್ಟಿ ಹೊರಬರಲಿ. ಅದರಲ್ಲಿ ಪ್ರತಿ ಲೋಕೊದ ಸಂಖ್ಯೆ ಇರಲಿ, ಅದು ನಿಲ್ಲುವ ಶೆಡ್ಡಿನ ಹೆಸರಿರಲಿ, ಅದರ ಹೊಣೆ ಹೊತ್ತ ಅಧಿಕಾರಿಯ ಸಹಿ ಇರಲಿ. ಅಂಥ ಪಟ್ಟಿ ಸಾರ್ವಜನಿಕರ ಕೈಗೆ ಬರುವ ತನಕ ಒಂದೇ ಒಂದು ಆಲ್ಕೊಗೂ ಗ್ಯಾಸ್ ಕಟರ್ ಮುಟ್ಟಿಸಬಾರದು ಎಂದು ನಾವೆಲ್ಲ ದನಿಯೆತ್ತಿ ಕೇಳಬೇಕು.